ಅಹವಾಲು ಕೇಳಿದ ದೇವರುಗಳು

ಪುರಾತನ ಈಜಿಪ್ಟ್ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಪಿರಮಿಡ್ಡುಗಳು, ಮಮ್ಮಿಗಳು, ಪ್ರಾಣಿಮುಖದ ದೇವತೆಗಳು. ಅಲ್ಲಿ ದೊರೆಗೆ ದೈವತ್ವವಿತ್ತೆಂಬುದೂ ಗೊತ್ತು. ಆದರೆ ದೊರೆಗಳಲ್ಲದ, ನಮ್ಮ ನಿಮ್ಮಂತೆ ಹುಟ್ಟಿ ಸತ್ತ ಕೆಲವರೂ ಅಲ್ಲಿ ಪೂಜೆ ಪಡೆದರೆಂಬ ಸಂಗತಿ ಅಷ್ಟು ಪರಿಚಿತವಲ್ಲ.

ಕ್ರಿ.ಪೂ. 14ನೆಯ ಶತಮಾನದಲ್ಲಿ ಮೂರನೆಯ ಅಮೆನ್‌ಹೊಟೆಪ್ ದೊರೆಯ ಬಳಿ ಅದೇ ಹೆಸರಿನ ಅಧಿಕಾರಿಯೊಬ್ಬನಿದ್ದ. ತಂದೆಯ ಹೆಸರು ಹಾಪು. ಲಿಪಿಕಾರನಾಗಿದ್ದ ಈತ ದೊರೆಯ ಕಟ್ಟಡ ಕಾಮಗಾರಿಗಳ ಮೇಲ್ವಿಚಾರಕನಾಗುವಷ್ಟು ಬೆಳೆದ. ಕಾರ್ನಾಕಿನಲ್ಲಿದ್ದ ಅಮುನ್ ದೇವರ ಗರ್ಭಗುಡಿಗೆ ಜನಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಆದರೆ ಆ ದೇವಾಲಯದ ಮಹಾದ್ವಾರವೊಂದರ ಬಳಿ ಈತನ ಪ್ರತಿಮೆಗಳಿದ್ದವು. ಅವುಗಳ ಶಾಸನದ ತಾತ್ಪರ್ಯವಿಷ್ಟು: ನಿಮ್ಮ ಅಹವಾಲನ್ನು ನನಗೆ ಹೇಳಿ, ಅಮುನನಿಗೆ ನಾನು ಮುಟ್ಟಿಸುತ್ತೇನೆ. ದೊಡ್ಡ ದೇವರು ಒಳಗೆ, ಬಡವ ಹೊರಗೆ. ನಡುವೆ ಮಾತು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಬೇಕಾಗಿತ್ತು.

ಇವನಿಗಿಂತ ಹನ್ನೆರಡು ಶತಮಾನಗಳಿಗೂ ಹಿಂದಿನವನು ಇಮ್‌ಹೊಟೆಪ್. ಜೋಸರ್ ದೊರೆಗಾಗಿ ಸಕ್ಕಾರದಲ್ಲಿ ಆರು ಮೆಟ್ಟಿಲುಗಳ, ಸುಮಾರು 60 ಮೀಟರ್ ಎತ್ತರದ ಕಲ್ಲಿನ ಪಿರಮಿಡ್ ಕಟ್ಟಿಸಿದವನೆಂದು ಹೆಸರಾದವನು. ಮುಂದೆ ಲಿಪಿಕಾರರು ಬರೆಯಲು ಕೂರುವ ಮುನ್ನ ಅವನ ಹೆಸರಿನಲ್ಲಿ ನೀರು ಬಿಡತೊಡಗಿದರು. ಸುಮಾರು ಎರಡು ಸಾವಿರ ವರ್ಷ ಕಳೆಯುವ ಹೊತ್ತಿಗೆ ಅವನು ಪ್ತಾ ದೇವರ ಮಗನಾಗಿದ್ದ, ರೋಗ ಗುಣಪಡಿಸುವ ದೇವರಾಗಿದ್ದ. ಗ್ರೀಕರು ಅವನಲ್ಲಿ ತಮ್ಮ ವೈದ್ಯದೇವತೆ ಅಸ್ಕ್ಲೆಪಿಯಸ್‌ನನ್ನೇ ಕಂಡರು. ಟಾಲೆಮಿ ದೊರೆಗಳ ಕಾಲದಲ್ಲಿ ದೇರ್ ಅಲ್-ಬಹರಿಯ ಗುಡಿಯಲ್ಲಿ ಈ ಇಬ್ಬರಿಗೂ ಒಟ್ಟಿಗೇ ಪೂಜೆ ನಡೆಯುತ್ತಿತ್ತು. ರೋಗಿಗಳು ಅಲ್ಲಿಗೆ ಹರಕೆ ಹೊತ್ತು ಬರುತ್ತಿದ್ದರು.

ಜಗತ್ತಿನ ಮೊದಲ ವೈದ್ಯ ಇಮ್‌ಹೊಟೆಪ್ ಎಂದು ಇಂದಿಗೂ ಅನೇಕ ಪುಸ್ತಕಗಳು ಹೇಳುತ್ತವೆ. ವಿಜ್ಞಾನ ಓದಿದ ನನ್ನಂಥವನು ಇಲ್ಲಿ ಸಾಕ್ಷ್ಯ ಕೇಳಲೇಬೇಕು. 1926ರಲ್ಲಿ ಸಕ್ಕಾರದಲ್ಲಿ ಜೋಸರನ ಪ್ರತಿಮೆಯೊಂದರ ಪೀಠ ದೊರೆಯಿತು. ಅದರ ಮೇಲೆ ದೊರೆಯ ಹೆಸರಿನ ಜೊತೆಗೆ ಇಮ್‌ಹೊಟೆಪನ ಹೆಸರೂ ಪದವಿಗಳೂ ಇವೆ: ರಾಜಮುದ್ರೆಯ ಅಧಿಕಾರಿ, ಹೀಲಿಯೊಪೊಲಿಸ್‌ನ ಪ್ರಧಾನ ಅರ್ಚಕ ಇತ್ಯಾದಿ. ವೈದ್ಯ ಎಂಬ ಪದವಿ ಮಾತ್ರ ಅಲ್ಲಿಲ್ಲ. ಅದು ನಂತರದ ಭಕ್ತರು ಕೊಟ್ಟದ್ದು.

ಇದರಿಂದ ಅವನು ಸಣ್ಣವನಾಗುವುದಿಲ್ಲ. ದೊರೆಯ ಪ್ರತಿಮೆಯ ಮೇಲೆ ಪ್ರಜೆಯೊಬ್ಬನ ಹೆಸರು ಕೆತ್ತಿದ್ದು ಸಾಮಾನ್ಯ ಗೌರವವಲ್ಲ. ದೇವರಾದ ಮೇಲೆ ಮಾಡಿದ ಅವನ ಕಂಚಿನ ಮೂರ್ತಿಗಳನ್ನು ನೋಡಿ. ತಲೆಯ ಮೇಲೆ ಕಿರೀಟವಿಲ್ಲ, ಕೈಯಲ್ಲಿ ಆಯುಧವಿಲ್ಲ. ತೊಡೆಯ ಮೇಲೆ ಬಿಚ್ಚಿದ ಪಪೈರಸ್ ಸುರುಳಿಯಿದೆ. ಭಕ್ತರು ಅವನನ್ನು ದೇವರನ್ನಾಗಿ ಮಾಡಿದರು. ಅವನ ಕೈಯ ಕೆಲಸವನ್ನು ಮಾತ್ರ ಕಸಿದುಕೊಳ್ಳಲಿಲ್ಲ.