ಭೋರ್ ಘಾಟಿನ ಜಾರುವ ಚಕ್ರಗಳು

ಸ್ಪೋರ್ಟ್ಸ್ ಕಾರನ್ನು ನಿಂತಲ್ಲಿಂದ ಹೊರಡಿಸುವಾಗ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಚಕ್ರ ಗಿರ್ರನೆ ಸುತ್ತುತ್ತದೆ, ಕಾರು ಹಿಂದುಳಿಯುತ್ತದೆ. ಪುಣೆಯ ದಾರಿಯಲ್ಲಿ ಈ ಪಾಠ ಕಾರು ಬರುವ ಮೊದಲೇ ನಡೆದಿತ್ತು.

1863ರಲ್ಲಿ ತೆರೆದ ಭೋರ್ ಘಾಟಿನ ರೈಲುಮಾರ್ಗ ಕರ್ಜತ್‌ನಿಂದ ಲೋಣಾವಳಾಕ್ಕೆ ಹತ್ತುವಾಗ 37 ಅಡಿಗೆ ಒಂದು ಅಡಿಯಷ್ಟು ಏರುತ್ತದೆ. ಉಕ್ಕಿನ ಮೇಲೆ ಉಕ್ಕಿಗಿರುವ ಹಿಡಿತ ರಸ್ತೆಯ ಮೇಲಿನ ರಬ್ಬರಿಗಿಂತ ಬಹಳ ಕಡಿಮೆ. ಮಳೆಗಾಲದಲ್ಲಿ ಇನ್ನೂ ಕಡಿಮೆ. ಏರಿನಲ್ಲಿ ನಿಂತ ಗಾಡಿಯನ್ನು ಚಾಲಕ ಅವಸರದಿಂದ ಎಳೆದರೆ ಚಕ್ರ ನಿಂತಲ್ಲೇ ಸುತ್ತಿ ಹಳಿಯನ್ನು ಸವೆಸುತ್ತದೆ. ಉಪಾಯ ಮೂರು: ಹಳಿಗೆ ಮರಳು, ಹಿಂದಿನಿಂದ ತಳ್ಳುವ ಎಂಜಿನ್, ಹದವಾಗಿ ಬಿಡುವ ಉಗಿ.

1929ರಲ್ಲಿ ವಿದ್ಯುತ್ ಬಂದು ಶಕ್ತಿ ಹೆಚ್ಚಿತು. ಆದರೂ ಕರ್ಜತ್‌ನಲ್ಲಿ ತಳ್ಳುವ ಎಂಜಿನ್ ಉಳಿಯಿತು. ಇಂದಿನ ಕಾರಿನ ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದೂ ಅಂದಿನ ಚಾಲಕನ ಕೈ ಮಾಡುತ್ತಿದ್ದುದನ್ನೇ: ಶಕ್ತಿಯನ್ನು ಹಿಡಿತದ ಅಳತೆಗೆ ಇಳಿಸುವುದು.