ಯಕೃತ್ತಿನ ಕಾವಲೂ ಕರುಳಿನ ಸಂಸಾರವೂ

ವೈದ್ಯರ ಕೊರಳಿನಲ್ಲಿ ತೂಗುವ ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್, 1819ರಲ್ಲಿ ಎದೆಯ ಬೇನೆಗಳನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ಅದರ ಒಂದು ಅಡಿಟಿಪ್ಪಣಿಯಲ್ಲಿ ಎದೆಗೆ ಸೇರದ ಒಂದು ಮಾತೂ ನುಸುಳಿಕೊಂಡಿತು. ಕುಗ್ಗಿ, ಗಂಟುಗಂಟಾಗಿ, ಕಂದುಹಳದಿಗೆ ತಿರುಗಿದ ಯಕೃತ್ತನ್ನು ವರ್ಣಿಸಿ, ಆ ಬಣ್ಣವನ್ನು ಹೇಳುವ ಗ್ರೀಕ್ ಪದದಿಂದ ಆ ಬೇನೆಗೆ 'ಸಿರೋಸಿಸ್' ಎಂದು ಹೆಸರಿಟ್ಟನು. ಕಾರಣ ತಿಳಿಯದಿದ್ದಾಗ ಬಣ್ಣವನ್ನು ಹಿಡಿದು ಹೆಸರಿಡುವುದು ಲೋಕದ ರೂಢಿ. ನಾವೂ 'ಅರಿಸಿನ ಕಾಮಾಲೆ' ಎನ್ನುತ್ತೇವಲ್ಲವೆ?

ಹೆಸರು ಹೊಸದಾದರೂ ಬೇನೆ ಹಳೆಯದು. ಯಕೃತ್ತು ಗಡುಸಾದವರಲ್ಲಿ ಅನೇಕರಿಗೆ ಕಾಲಕ್ರಮದಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ನಮ್ಮ ಹಿಂದಿನವರು ಅದನ್ನು ಜಲೋದರವೆಂದು ಕರೆದರು. ಐತರೇಯ ಬ್ರಾಹ್ಮಣದ ಕಥೆಯಲ್ಲಿ, ಮಗನನ್ನು ಬಲಿಕೊಡುವೆನೆಂದು ಮಾತು ಕೊಟ್ಟು ತಪ್ಪಿಸಿಕೊಳ್ಳುತ್ತ ಬಂದ ಹರಿಶ್ಚಂದ್ರನಿಗೆ ವರುಣನು ವಿಧಿಸಿದ ಶಿಕ್ಷೆ ಹೊಟ್ಟೆ ಉಬ್ಬುವ ಈ ರೋಗವೇ. ಅತಿಯಾದ ಕುಡಿತ, ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು, ಸ್ಥೂಲಕಾಯ ಸಕ್ಕರೆ ಕಾಯಿಲೆಗಳೊಡನೆ ಯಕೃತ್ತಿನಲ್ಲಿ ಶೇಖರವಾಗುವ ಕೊಬ್ಬು, ಇವು ಈಗ ನಾವು ತಿಳಿದಿರುವ ಮುಖ್ಯ ಕಾರಣಗಳು. ಆದುದರಿಂದ ಇದು ಕುಡುಕರ ರೋಗವೆಂದು ಮೂಗುಮುರಿಯುವುದು ಸಲ್ಲದು. ಒಂದು ತೊಟ್ಟನ್ನೂ ಮುಟ್ಟದವರಿಗೂ ಇದು ಬರುತ್ತದೆ.

ಇಷ್ಟಾದರೂ ಈ ರೋಗಿಗಳಲ್ಲಿ ಎಷ್ಟೋ ಮಂದಿಯ ಪ್ರಾಣವನ್ನು ಕಡೆಗೆ ತೆಗೆಯುವುದು ಯಕೃತ್ತಲ್ಲ, ನಂಜು. ಆ ನಂಜು ಬಹುಪಾಲು ಬೀದಿಯಿಂದ ಬಂದುದಲ್ಲ. ರೋಗಿಯ ಸ್ವಂತ ಕರುಳಿನಲ್ಲಿ ಹುಟ್ಟಿದಂದಿನಿಂದ ಸಂಸಾರ ಹೂಡಿಕೊಂಡಿದ್ದ ಸೂಕ್ಷ್ಮಜೀವಿಗಳಿಂದ ಬಂದುದು. ಇದನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಬಹುಕಾಲ ಹಿಡಿಯಿತು.

ದೇಹದ ಕಟ್ಟಡವನ್ನು ಸ್ವಲ್ಪ ನೋಡಬೇಕು. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಸಿರೆ ಎಂಬ ನಾಳದ ಮೂಲಕ ಮೊದಲು ಯಕೃತ್ತನ್ನು ಹೊಗುತ್ತದೆ. ಲ್ಯಾಟಿನ್ನಿನಲ್ಲಿ 'ಪೋರ್ಟ' ಎಂದರೆ ಬಾಗಿಲು. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಬಾಗಿಲಿನಿಂದಲೇ ಬರುತ್ತದೆ. ಒಳಗೆ ಕಾವಲುಗಾರರೂ ಉಂಟು: 1876ರಲ್ಲಿ ಜರ್ಮನ್ ಅಂಗರಚನಾಶಾಸ್ತ್ರಜ್ಞ ಕುಪ್ಫರ್ ಗುರುತಿಸಿದ ನಕ್ಷತ್ರಾಕಾರದ ಕೋಶಗಳು. ಕರುಳಿನಿಂದ ತಪ್ಪಿಸಿಕೊಂಡು ಬಂದ ಸೂಕ್ಷ್ಮಜೀವಿಗಳನ್ನು ಹಿಡಿದು ನುಂಗುವುದೇ ಇವುಗಳ ಕಸುಬು.

ಈ ಬಾಗಿಲನ್ನು ಬಳಸಿಕೊಂಡು ಹೋದರೆ ಏನಾದೀತು? 1877ರಲ್ಲಿ ರಷ್ಯದ ನಿಕೊಲಾಯ್ ಎಕ್ ಎಂಬಾತ ಎಂಟು ನಾಯಿಗಳಲ್ಲಿ ಪೋರ್ಟಲ್ ಸಿರೆಯನ್ನು ಯಕೃತ್ತಿಗೆ ಹೋಗಗೊಡದೆ, ಹೃದಯಕ್ಕೆ ಹೋಗುವ ಮಹಾಸಿರೆಗೇ ಸೇರಿಸಿ ಹೊಲಿದನು. ಏಳು ಬೇಗನೆ ಸತ್ತವು. ಎಂಟನೆಯದು ಎರಡೂವರೆ ತಿಂಗಳು ಬದುಕಿ, ಒಂದು ದಿನ ಪ್ರಯೋಗಶಾಲೆಯಿಂದ ಪರಾರಿಯಾಯಿತು! ಎಕ್ ಮಹಾಶಯ ಎದೆಗುಂದಲಿಲ್ಲ. ಈ ಶಸ್ತ್ರಕ್ರಿಯೆ ಸಾಧ್ಯವೆಂದೇ ಬರೆದಿಟ್ಟನು. ಮುಂದೆ 1893ರಲ್ಲಿ, ಇನ್ನೂ ನೊಬೆಲ್ ಬಹುಮಾನ ಬಾರದಿದ್ದ ಪಾವ್ಲೋವನೂ ಅವನ ಸಂಗಡಿಗರೂ ಇದೇ ಶಸ್ತ್ರಕ್ರಿಯೆಯಾದ ನಾಯಿಗಳನ್ನು ಸಾಕಿ ನೋಡಿದರು. ಸಾಧುಪ್ರಾಣಿಗಳು ಸಿಡುಕು ಹಿಡಿದು ಕಚ್ಚಲು ಬಂದವು. ಮಾಂಸ ತಿಂದಾಗ ತೂರಾಡಿ, ಸೆಳವು ಬಂದು, ಮೈಮರೆತು ಬಿದ್ದವು. ಮಾಂಸ ಜೀರ್ಣವಾಗುವಾಗ ಹುಟ್ಟುವ ಅಮೋನಿಯ ಯಕೃತ್ತಿನಲ್ಲಿ ಶುದ್ಧಿಯಾಗದೆ ಮಿದುಳಿಗೆ ಏರಿದುದರ ಫಲವಿದು ಎಂದು ಅವರು ತರ್ಕಿಸಿದರು.

ನಾಯಿಗಳ ಈ ಸುದ್ದಿ ಮನುಷ್ಯರ ವಾರ್ಡಿಗೆ ಬರಲು ಮತ್ತೆ ಅರುವತ್ತು ವರ್ಷ ಹಿಡಿಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಷೀಲಾ ಷರ್ಲಾಕ್ ಮತ್ತು ಅವರ ಜೊತೆಗಾರರು ಸಿರೋಸಿಸ್ ರೋಗಿಗಳ ಬುದ್ಧಿಭ್ರಮಣೆಯನ್ನು 1954ರಲ್ಲಿ ವಿವರವಾಗಿ ವರ್ಣಿಸಿದರು. ಆ ತಂಡದಲ್ಲಿದ್ದ ಸಮರ್‌ಸ್ಕಿಲ್ ಎಂಬ ವೈದ್ಯರು ರಸಿಕರೂ ಆಗಿದ್ದಿರಬೇಕು. ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದಲ್ಲಿ, ಗೋಮಾಂಸ ತಿಂದೇ ತನ್ನ ಬುದ್ಧಿ ಮಂಕಾಯಿತೆಂದು ಹಲುಬುವ ಸರ್ ಆಂಡ್ರೂನನ್ನು ಹಿಡಿದು, ಅವನಿಗಿದ್ದುದು ಯಕೃತ್ತಿನ ರೋಗವೇ ಎಂದು 1955ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ವಾದಿಸಿದರು. ಸಾಹಿತ್ಯದ ಅಧ್ಯಾಪಕರಿಗೆ ಇಂತಹ ವಿಮರ್ಶೆ ಸುಲಭವಾಗಿ ಹೊಳೆಯದು.

ಅಮೋನಿಯದ ಬಹುಭಾಗವನ್ನು ತಯಾರಿಸುವವರು ಕರುಳಿನ ಸೂಕ್ಷ್ಮಜೀವಿಗಳು. ಹಾಗಿದ್ದರೆ ಅವನ್ನೇ ಅಡಗಿಸಿದರೆ? ಇದೇ ತಂಡ 1957ರಲ್ಲಿ ನಿಯೋಮೈಸಿನ್ ಎಂಬ, ರಕ್ತಕ್ಕೆ ಹೆಚ್ಚಾಗಿ ಸೇರದೆ ಕರುಳಿನಲ್ಲಿಯೇ ಉಳಿಯುವ ಔಷಧವನ್ನು ಕೊಟ್ಟು, ಮಂಕಾದವರನ್ನು ಎಚ್ಚರಿಸಿತು. 1966ರಲ್ಲಿ ಸ್ವಿಟ್ಜರ್‌ಲೆಂಡಿನ ಬಿರ್ಖರ್ ಮತ್ತು ಸಂಗಡಿಗರು ಬೇರೊಂದು ಉಪಾಯವನ್ನು ಹೂಡಿದರು. ಹಾಲಿನ ಸಕ್ಕರೆಯಿಂದ ಮಾಡಿದ ಲ್ಯಾಕ್ಟುಲೋಸನ್ನು ರೋಗಿಗೆ ಕುಡಿಸಿದರು. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಉಣಿಸುತ್ತದೆ; ಉಂಡವು ಕರುಳನ್ನು ಹುಳಿಯಾಗಿಸುತ್ತವೆ, ಹುಳಿಯಲ್ಲಿ ಅಮೋನಿಯ ಸೆರೆಯಾಗಿ ಮಲದೊಡನೆ ಹೊರಬೀಳುತ್ತದೆ. ಈ ಪಾನಕ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿಯವರೆಗೆ ಎಲ್ಲರೂ ಬೆನ್ನು ಹತ್ತಿದ್ದುದು ಸೂಕ್ಷ್ಮಜೀವಿಗಳು ಮಾಡುವ ವಿಷವನ್ನು. ಆ ಜೀವಿಗಳೇ ಗೋಡೆ ದಾಟಿ ಬರುತ್ತವೆಯೆಂಬುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. 1958ರಲ್ಲಿ ಫ್ರಾನ್ಸಿನಿಂದಲೂ 1963ರಲ್ಲಿ ಲಂಡನ್ನಿನಿಂದಲೂ ಕೆಲವು ವರದಿಗಳು ಬಂದವು. 1964ರಲ್ಲಿ ಅಮೆರಿಕದ ಹೆರಾಲ್ಡ್ ಕಾನ್ ಇದನ್ನು ಖಚಿತವಾಗಿ ಹೇಳಿದರು: ಜಲೋದರದ ನೀರಿನಲ್ಲಿ ಕರುಳಿನ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ರೋಗಿ ಸಾಯುತ್ತಾನೆ, ಕರುಳನ್ನು ಬಿಚ್ಚಿ ನೋಡಿದರೆ ಎಲ್ಲಿಯೂ ತೂತಿಲ್ಲ. ಇದು ಅಪರೂಪದ ಸಂಗತಿಯಲ್ಲ, ಗುರುತಿಸುವವರು ಅಪರೂಪ ಎಂಬುದು ಅವರ ಮಾತಿನ ಸಾರ. 'ತಾನಾಗಿಯೇ ಉಂಟಾದ' ಉದರಪೊರೆಯ ಉರಿಯೂತ ಎಂದು ಅವರಿಟ್ಟ ಹೆಸರು ನಿಂತುಬಿಟ್ಟಿತು. ಲೆನೆಕ್ಕನ ಬಣ್ಣದಂತೆಯೇ ಇದೂ ಕಾರಣ ತಿಳಿಯದ ಹೆಸರು. ತಾನಾಗಿಯೇ ಉಂಟಾಗುವುದು ಲೋಕದಲ್ಲಿ ಯಾವುದಿದೆ?

ಕಾರಣಗಳು ಆಮೇಲೆ ಒಂದೊಂದಾಗಿ ತಿಳಿದವು. ಗಡುಸಾದ ಯಕೃತ್ತು ಪೋರ್ಟಲ್ ಸಿರೆಯ ರಕ್ತವನ್ನು ಒಳಗೆ ಬಿಟ್ಟುಕೊಳ್ಳದು; ಒತ್ತಡ ಏರುತ್ತದೆ; ಕರುಳಿನ ಗೋಡೆ ಊದಿಕೊಂಡು ಸಡಿಲವಾಗುತ್ತದೆ. ಕರುಳಿನ ಚಲನೆ ನಿಧಾನವಾಗಿ, ಪಿತ್ತರಸ ಕಡಮೆಯಾಗಿ, ಸೂಕ್ಷ್ಮಜೀವಿಗಳು ಮಿತಿಮೀರಿ ಹೆಚ್ಚುತ್ತವೆ. ರಕ್ತ ಅಡ್ಡದಾರಿಗಳನ್ನು ಹಿಡಿದು ಎಕ್‌ನ ನಾಯಿಗಳಲ್ಲಿ ಆದಂತೆಯೇ ಕುಪ್ಫರ್ ಕಾವಲನ್ನು ತಪ್ಪಿಸುತ್ತದೆ. ದಾಟಿ ಬಂದವುಗಳಿಗೆ ಹೊಟ್ಟೆಯ ನೀರು ಒಳ್ಳೆಯ ಆಶ್ರಯ. ಅದರಲ್ಲಿ ಅವನ್ನು ಎದುರಿಸುವ ಪ್ರೋಟೀನುಗಳು ಬಲು ತೆಳು. 2014ರಲ್ಲಿ ಚೀನದ ಸಂಶೋಧಕರು 98 ರೋಗಿಗಳ ಮಲವನ್ನು ಪರೀಕ್ಷಿಸಿ, ಬಾಯಲ್ಲಿರಬೇಕಾದ ಸೂಕ್ಷ್ಮಜೀವಿಗಳೂ ಇವರ ಕರುಳಿಗೆ ವಲಸೆ ಬಂದಿವೆಯೆಂದು ತೋರಿಸಿದರು.

ಈ ನಂಜಿನ ಮೋಸವೆಂದರೆ ಅದರ ಮೌನ. ಜ್ವರವೂ ಇರದಿರಬಹುದು, ಹೊಟ್ಟೆನೋವೂ ಇರದಿರಬಹುದು. ಸ್ವಲ್ಪ ಮಂಕು, ಮೂತ್ರದ ಇಳಿಕೆ, ಇಷ್ಟೇ. ಮನೆಯವರು "ಸುಸ್ತಾಗಿದ್ದಾರೆ, ಮಲಗಲಿ" ಎಂದುಕೊಳ್ಳುತ್ತಾರೆ. ಸೂಜಿಯಿಂದ ಹೊಟ್ಟೆಯ ನೀರನ್ನು ಸ್ವಲ್ಪ ತೆಗೆದು ಎಣಿಸುವುದೊಂದೇ ದಾರಿ. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು 250ನ್ನು ಮೀರಿದರೆ ಚಿಕಿತ್ಸೆ ಕೂಡಲೇ ತೊಡಗಬೇಕು. ಮೊದಲು ವರ್ಣಿಸಿದ ಕಾಲಕ್ಕೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಬೇಗ ಗುರುತಿಸಿ ಔಷಧ ಕೊಡುವುದರಿಂದ ಅದು ಸುಮಾರು ಇಪ್ಪತ್ತಕ್ಕೆ ಇಳಿಯಿತು.

ಒಮ್ಮೆ ಬಂದು ಹೋದದ್ದು ಮತ್ತೆ ಬಾರದಂತೆ ತಡೆಯಲೂ ದಾರಿ ಕಂಡಿತು. 1990ರಲ್ಲಿ ಬಾರ್ಸೆಲೋನದ ವೈದ್ಯರು 80 ರೋಗಿಗಳಲ್ಲಿ ಕೆಲವರಿಗೆ ದಿನವೂ ನಾರ್‌ಫ್ಲಾಕ್ಸಸಿನ್ ಮಾತ್ರೆಯನ್ನೂ ಉಳಿದವರಿಗೆ ಬರಿಯ ತೋರಿಕೆಯ ಮಾತ್ರೆಯನ್ನೂ ಕೊಟ್ಟರು. ಒಂದು ವರ್ಷದೊಳಗೆ ನಂಜು ಮರುಕಳಿಸುವ ಸಂಭವ ತೋರಿಕೆಯ ಮಾತ್ರೆಯವರಲ್ಲಿ ಶೇಕಡ 68, ಔಷಧದವರಲ್ಲಿ 20. ಆದರೆ ಮಾತ್ರೆಯನ್ನು ದಿನವೂ ಉಂಡ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿಕೊಂಡವು. 2002ರಲ್ಲಿ ಅದೇ ಬಾರ್ಸೆಲೋನದಿಂದಲೇ, ಆ ಜಾತಿಯ ಔಷಧಗಳಿಗೆ ಜಗ್ಗದ ಸೂಕ್ಷ್ಮಜೀವಿಗಳ ವರದಿ ಬಂದಿತು. 2019ರಲ್ಲಿ ಪ್ರಕಟವಾದ, 1302 ರೋಗಿಗಳನ್ನು ಒಳಗೊಂಡ ಜಾಗತಿಕ ಅಧ್ಯಯನವೊಂದರಲ್ಲಿ, ಸೂಕ್ಷ್ಮಜೀವಿ ಪತ್ತೆಯಾದ ನಂಜುಗಳಲ್ಲಿ ಮೂರಕ್ಕೆ ಒಂದು ಹಲವು ಔಷಧಗಳನ್ನು ಸೋಲಿಸುವಂತಹುದಾಗಿತ್ತು; ಭಾರತದ ಆಸ್ಪತ್ರೆಗಳಲ್ಲಿ ಆ ಪಾಲು ಶೇಕಡ 70ನ್ನು ಮೀರಿತ್ತು. ಬಾರ್ಸೆಲೋನದಲ್ಲಿ ಗೆದ್ದ ಔಷಧವನ್ನು ಇಲ್ಲಿಯ ವಾರ್ಡಿನಲ್ಲಿ ಬರೆಯಹೊರಟ ವೈದ್ಯರು, ಈಗ ಮೊದಲು ತಮ್ಮ ಆಸ್ಪತ್ರೆಯ ಪ್ರಯೋಗಶಾಲೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಬೇಕಾಗಿದೆ.