ಶ್ರೀ ಕೆ. ಚೆಂಗಲರಾಯ ರೆಡ್ಡಿಯವರೂ ಶರಾವತಿಯ ಸೀಮೆಯೂ

ಬೇಸಗೆಯಲ್ಲಿ ಲಿಂಗನಮಕ್ಕಿಯ ಜಲಾಶಯವು ಬತ್ತಿದ ವರುಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೆದ್ದು ಕಾಣುವುದುಂಟು. 1964ರಲ್ಲಿ ಹೊಸ ಕಟ್ಟೆಯು ಪೂರ್ಣವಾದಾಗ ಮುಳುಗಿಹೋದ ಈ ಹಳೆಯ ಅಣೆಯು ತಡೆದ ನೀರಿನಿಂದಲೇ ಜೋಗದ ವಿದ್ಯುದಾಗಾರವು ಮೊದಲು ನಡೆಯಿತು. ಅದರ ಪ್ರಾರಂಭೋತ್ಸವವು ನೆರವೇರಿದುದು 1948ರ ಫೆಬ್ರವರಿ 21ರಂದು. ಆಗ ಮೈಸೂರು ಸಂಸ್ಥಾನದ ಮುಖ್ಯಮಂತ್ರಿಗಳಾಗಿದ್ದವರು ಶ್ರೀಮಾನ್ ಕೆ. ಚೆಂಗಲರಾಯ ರೆಡ್ಡಿಯವರು. ಕೆಲಸವು 1939ರಲ್ಲಿಯೇ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಆರಂಭವಾದುದರಿಂದ ಜೋಗದ ಕೀರ್ತಿಯನ್ನೆಲ್ಲ ರೆಡ್ಡಿಯವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಶರಾವತಿಯ ಸೀಮೆಯು ಅವರ ಆಳ್ವಿಕೆಯನ್ನು ಜೋಗದ ಒಂದೇ ಕಡೆಯಿಂದ ನೋಡಿದುದಲ್ಲ.

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಜನಿಸಿದ ರೆಡ್ಡಿಯವರು ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿ, 1930ರಲ್ಲಿ ಪ್ರಜಾಪಕ್ಷದ ಸ್ಥಾಪಕರಲ್ಲೊಬ್ಬರಾದರು. ಆ ಪಕ್ಷವು ಪ್ರಜಾಮಿತ್ರ ಮಂಡಲಿಯೊಡನೆ ಕೂಡಿ ಪ್ರಜಾಸಂಯುಕ್ತ ಪಕ್ಷವಾಗಿ, ಕಡೆಗೆ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. 1947ರ ಸೆಪ್ಟೆಂಬರಿನಲ್ಲಿ, ಭಾರತವು ಸ್ವತಂತ್ರವಾಗಿಯೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಉಳಿದಿದ್ದಾಗ, 'ಮೈಸೂರು ಚಲೋ' ಚಳವಳಿಯು ಅವರ ನಾಯಕತ್ವದಲ್ಲಿ ನಡೆಯಿತು. ಈಸೂರಿನ ಐವರು 1943ರಲ್ಲಿ ಗಲ್ಲಿಗೇರಿದ್ದ ಶಿವಮೊಗ್ಗದ ಸೀಮೆಗೆ ಚಳವಳಿಯ ಬೆಲೆ ಹೊಸದಾಗಿ ತಿಳಿಯಬೇಕಾಗಿರಲಿಲ್ಲ. ಅಕ್ಟೋಬರ್ 25ರಂದು ಜವಾಬ್ದಾರಿ ಸರ್ಕಾರವು ಅಧಿಕಾರ ವಹಿಸಿತು.

ಆ ಸರ್ಕಾರವು ಯಾರಿಗೆ ಜವಾಬ್ದಾರಿಯೆಂಬ ಪ್ರಶ್ನೆಯು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎದ್ದಿತು. ಅಲ್ಲಿಯ ದೀವರ ಗೇಣಿದಾರರು ಬೇಡಿದುದು ರಾಜ್ಯವನ್ನಲ್ಲ. ಗೇಣಿಯ ಬತ್ತವನ್ನು ಅಳೆಯುವ ಕೊಳಗವು ನ್ಯಾಯವಾದ ಅಳತೆಯದಾಗಿರಲಿ, ಸಲ್ಲಿಸಿದ ಗೇಣಿಗೆ ರಸೀತಿ ದೊರೆಯಲಿ ಎಂದು. ಒಡೆಯರ ಮನೆಯ ಕೊಳಗವು ಸರ್ಕಾರದ ಕೊಳಗಕ್ಕಿಂತ ದೊಡ್ಡದಾಗಿರುವುದು ಮಲೆನಾಡಿನಲ್ಲಿ ಹಳೆಯ ವ್ಯಥೆ. ಹೆಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ 1951ರ ಏಪ್ರಿಲ್ 18ರಂದು ರೈತರು ನಿಷೇಧಿತ ಗದ್ದೆಗೆ ನೇಗಿಲು ಹೂಡಿದರು. ನಾಲ್ಕು ವರುಷಗಳ ಹಿಂದೆ ತಾವೇ ಸತ್ಯಾಗ್ರಹದ ಮಾರ್ಗದಿಂದ ಅಧಿಕಾರಕ್ಕೆ ಬಂದವರ ಸರ್ಕಾರವು ಸತ್ಯಾಗ್ರಹಿಗಳಿಗೆ ಪೋಲೀಸರನ್ನೂ ಸೆರೆಮನೆಯನ್ನೂ ತೋರಿಸಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ರೈತರ ಬೆನ್ನಿಗೆ ನಿಂತರು. ಜೂನಿನಲ್ಲಿ ಡಾ. ರಾಮಮನೋಹರ ಲೋಹಿಯಾರವರು ಬಂದು ಸಾಗರದಲ್ಲಿಯೇ ಬಂಧಿತರಾದರು. ಒಂದು ತಿಂಗಳು ಕಳೆದು, ಜುಲೈ 13ರಂದು, ಬೆಂಗಳೂರಿನಲ್ಲಿ ಜವಾಹರಲಾಲ ನೆಹರೂರವರು ವಿಧಾನಸೌಧಕ್ಕೆ ಅಡಿಗಲ್ಲಿಟ್ಟರು. ಆ ಕಟ್ಟಡವನ್ನು ಮುಂದೆ ಕೆಂಗಲ್ ಹನುಮಂತಯ್ಯನವರು ಹಿರಿದಾಗಿ ಮಾರ್ಪಡಿಸಿ ಕಟ್ಟಿಸಿದುದರಿಂದ ಕೀರ್ತಿಯು ಅವರದಾಯಿತು. ಕಾಗೋಡಿನ ಅಪಕೀರ್ತಿಯಲ್ಲಿ ಮಾತ್ರ ರೆಡ್ಡಿಯವರಿಗೆ ಪಾಲುಗಾರರಿಲ್ಲ. ಮುಂದಿನ ಚುನಾವಣೆಯಲ್ಲಿ ಸಾಗರ-ಹೊಸನಗರದ ಮತದಾರರು ಗೋಪಾಲಗೌಡರನ್ನು ಆರಿಸಿ ಕಳುಹಿಸಿದರು.

1952ರ ಮಾರ್ಚಿಯಲ್ಲಿ ಮುಖ್ಯಮಂತ್ರಿಪದವನ್ನು ಬಿಟ್ಟ ರೆಡ್ಡಿಯವರು ದೆಹಲಿಗೆ ತೆರಳಿದರು. ನೆಹರೂರವರ ಮಂತ್ರಿಮಂಡಲದಲ್ಲಿ 1957ರವರೆಗೆ ಉತ್ಪಾದನ ಶಾಖೆಯೂ, 1961ರವರೆಗೆ ಕಾಮಗಾರಿ, ವಸತಿ ಮತ್ತು ಸರಬರಾಜು ಶಾಖೆಯೂ, 1963ರವರೆಗೆ ವಾಣಿಜ್ಯ-ಕೈಗಾರಿಕೆಗಳೂ ಅವರ ವಶದಲ್ಲಿದ್ದುವು. ಸಿಂದ್ರಿಯ ಗೊಬ್ಬರದ ಕಾರ್ಖಾನೆಯಂತಹ ಸರ್ಕಾರೀ ಉದ್ಯಮಗಳು ಉತ್ಪಾದನ ಶಾಖೆಗೆ ಸೇರಿದ್ದುವು. ಇದು ಗದ್ದಲವಿಲ್ಲದ ಕೆಲಸ. ವಾಗ್ಮಿಗಳಿಗಿಂತ ಲೆಕ್ಕವನ್ನು ತಿಳಿದವರಿಗೆ ಒಪ್ಪುವಂಥದು. ಸಂಸ್ಥಾನವನ್ನು ಆಳಿದವರು ಕೇಂದ್ರದಲ್ಲಿ ಇಷ್ಟುಕಾಲ ಮೌನವಾಗಿ ದುಡಿದುದು ಸಾಮಾನ್ಯವಾದ ಸಂಗತಿಯಲ್ಲ. ತರುವಾಯ 1965ರಿಂದ 1971ರವರೆಗೆ ಅವರು ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು.

ಇತ್ತ ಶರಾವತಿಯ ಕಣಿವೆಯಲ್ಲಿ ಲಿಂಗನಮಕ್ಕಿಯ ನೀರು ಏರಿ ಅನೇಕ ಗ್ರಾಮಗಳನ್ನು ನುಂಗಿತು. ಹಲವೆಡೆ ಗೇಣಿಯ ವ್ಯಾಜ್ಯವು ಗದ್ದೆಯೊಡನೆಯೇ ಜಲಗತವಾಯಿತು. ನೀರಿಗೆ ಸಿಕ್ಕದೆ ಉಳಿದ ಭೂಮಿಯಲ್ಲಿ ಗೇಣಿಪದ್ಧತಿಯು ರದ್ದಾದುದು ದೇವರಾಜ ಅರಸರ ಕಾಲದ ತಿದ್ದುಪಡಿ ಶಾಸನದಿಂದ, 1974ರ ಮಾರ್ಚಿ 1ರಿಂದ. ಕೊಳಗದ ಜಗಳವು ಹೀಗೆ ಮುಗಿದುದನ್ನು ರೆಡ್ಡಿಯವರು ಕಂಡರು. 1976ರ ಫೆಬ್ರವರಿ 27ರಂದು ಅವರು ದಿವಂಗತರಾದರು.